ಫ್ರೀಜರ್ ಕೋಣೆಯಲ್ಲಿ ಕೂಗಿದ ಕಪ್ಪೆ

ದೆವ್ವ, ಶಕುನ, ಅಶರೀರವಾಣಿ ಎಂದು ಯಾರಾದರೂ ಶುರುಮಾಡಿದರೆ ಎದ್ದು ಹೋಗುವ ಜಾತಿಯವ ನಾನು. ಹಲ್ಲಿ ಲೊಚಗುಟ್ಟಿದರೆ ಅಜ್ಜಿ ‘ಕೃಷ್ಣ ಕೃಷ್ಣ’ ಎಂದು ನೆಲ ಕುಟ್ಟುತ್ತಿದ್ದರು, ನಾನು ನಗುತ್ತಿದ್ದೆ. ಈಗ ನಂಬುತ್ತೇನೆಂದಲ್ಲ. ಆದರೆ ಕೆಲವು ವರ್ಷಗಳ ಹಿಂದೆ, ಬಹರೈನಿನ ಮೀನಾ ಸಲ್ಮಾನ್ ಬಂದರಿನ ನಮ್ಮ ಗೋದಾಮಿನಲ್ಲಿ, ಒಂದು ಆಯುಧಪೂಜೆಯ ಸಂಜೆ ನನ್ನ ಕಿವಿಗೆ ಬಿದ್ದದ್ದನ್ನು ಏನೆಂದು ಹೇಳಲಿ? ನಿಮಗೆ ಗೊತ್ತಾದರೆ ನನಗೂ ತಿಳಿಸಿ.

ಹಿಮಗಟ್ಟಿಸಿದ ಹಣ್ಣು, ತರಕಾರಿ, ಮೀನು ಇಡುವ ಗೋದಾಮು ಅದು. ನಾನು ಅಲ್ಲಿಯ ಮೇಲ್ವಿಚಾರಕ. ನನ್ನ ಹೆಂಡತಿಯ ತಮ್ಮ ದಿನೇಶನನ್ನು ಕುಂದಾಪುರದಿಂದ ಕರೆಸಿ ಅಲ್ಲೇ ಕೆಲಸಕ್ಕೆ ಹಾಕಿದ್ದೆ. ಅಲ್ಲಿಗೆ ಹತ್ತಿರದ ಅರಾದ್ ಎಂಬಲ್ಲಿ ನಮ್ಮ ಮನೆಯಲ್ಲೇ ಇದ್ದ. "ಅವನ ಜವಾಬ್ದಾರಿ ನಿಮ್ದು" ಎಂದು ಇವಳು ಮೊದಲ ದಿನವೇ ಹೇಳಿಬಿಟ್ಟಿದ್ದಳು.

ಪೂಜೆಯ ವಾರ ಕೆನಡಾದಿಂದ ಬಂದ ಬ್ಲೂಬೆರಿ ಪೆಟ್ಟಿಗೆಯೊಂದು ಒಡೆದಿತ್ತು. ದಿನೇಶ ಹಣ್ಣು ಆರಿಸುವಾಗ ಒಳಗೆ ಒಂದು ಕಪ್ಪೆ ಸಿಕ್ಕಿತು. ಹೆಬ್ಬೆರಳಿನಷ್ಟುದ್ದ, ಕಂದು ಬಣ್ಣ, ಕಣ್ಣಿನ ಪಕ್ಕ ಕಾಡಿಗೆ ಹರಡಿದಂಥ ಕಪ್ಪು ಪಟ್ಟೆ. ಕಲ್ಲಿನ ಹಾಗೆ ಗಟ್ಟಿ. ಮೊಬೈಲಿನಲ್ಲಿ ಹುಡುಕಿ ನೋಡಿದೆ. ಆ ಉತ್ತರದ ಕಾಡುಗಳಲ್ಲಿ ಈ ಕಪ್ಪೆಗಳು ಚಳಿಗಾಲವಿಡೀ ತರಗೆಲೆಯಡಿ ಹೀಗೇ ಹೆಪ್ಪುಗಟ್ಟಿ ಬಿದ್ದಿರುತ್ತವಂತೆ, ಎದೆಬಡಿತವೂ ಇಲ್ಲದೆ. ಹಿಮ ಕರಗಿದಾಗ ಎದ್ದು ಕೂಗುತ್ತವಂತೆ.

ದಿನೇಶನಿಗೆ ಅದೊಂದು ಮೋಜು. "ನಮ್ಮ ಕಪ್ಪೆ ಮಳೆಗೆ ಕಾಯ್ತದೆ, ಇದು ಬಿಸಿಲಿಗೆ ಕಾಯ್ತದೆ ಭಾವ. ಬಹರೈನಿಗೆ ಬಂದದ್ದು ಸರಿಯೇ ಆಯ್ತು. ಒಮ್ಮೆ ಹೊರಗಿಟ್ಟು ನೋಡುವನಾ?"

"ಸುಮ್ನಿರು ಮಾರಾಯ. ಮಾಲು ಕಳಿಸಿದವರಿಗೆ ಹೀಗೇ ತೋರಿಸ್ಬೇಕು" ಎಂದು ಅದನ್ನು ಡಬ್ಬಿಗೆ ಹಾಕಿ ಫ್ರೀಜರ್ ಕೋಣೆಯ ಕಪಾಟಿನಲ್ಲೇ ಇಡಿಸಿದೆ.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಫ್ರೀಜರ್ ಕೋಣೆಗೆ ಹೋಗುವವರು ಚಪ್ಪಲಿ ಹೊರಗೆ ಬಿಟ್ಟು ಅಲ್ಲಿಯ ಬೂಟು ಹಾಕಿಕೊಳ್ಳಬೇಕು. ಬಾಗಿಲ ಮುಂದೆ ಚಪ್ಪಲಿ ಇದ್ದರೆ ಒಳಗೆ ಜನ ಇದ್ದಾರೆಂದು ಅರ್ಥ. ಬೋರ್ಡು, ಗೀರ್ಡು ಏನೂ ಬೇಕಾಗಿರಲಿಲ್ಲ. ಆದರೆ ಆ ದಿನ ಪೂಜೆ ಆಗಬೇಕಾದದ್ದು ಅದೇ ಬಾಗಿಲಿಗೆ. ದೇವರೆದುರು ಯಾರಾದರೂ ಚಪ್ಪಲಿ ಇಡುತ್ತಾರೆಯೇ? ರಂಗೋಲಿ ಹಾಕುವವರು ಅಲ್ಲಿದ್ದ ಚಪ್ಪಲಿಯನ್ನೆಲ್ಲ ಬಾಚಿ ಹಿಂದಿನ ಗೋಡೆಯ ಬದಿಗೆ ಹಾಕಿದರು. ಅದರಲ್ಲಿ ದಿನೇಶನದ್ದೂ ಇತ್ತೆಂದು ಆಮೇಲೆ ಗೊತ್ತಾಯಿತು.

ಬಾಗಿಲಿಗೆ ಕುಂಕುಮ ಹಚ್ಚಿದೆವು, ಹಿಡಿಕೆಗೆ ಚೆಂಡುಹೂವಿನ ಮಾಲೆ ಕಟ್ಟಿದೆವು. ಜಾಗಟೆ ಬಾರಿಸಿದೆವು, ಗಂಟೆ ಆಡಿಸಿದೆವು. ಕುಂಬಳಕಾಯಿ ಒಡೆದೆವು. ದಿನೇಶ ಕಾಣಲಿಲ್ಲ, ಫೋನೂ ಹತ್ತಲಿಲ್ಲ. ಸ್ನಾನ ಮಾಡಿ ಬರುತ್ತೇನೆಂದು ಹತ್ತಿರದ ಗೆಳೆಯರ ರೂಮಿಗೆ ಹೋಗಿ ಬಿದ್ದುಕೊಂಡಿದ್ದಾನೆ ಎಂದುಕೊಂಡು ನನಗೆ ಮೈಯೆಲ್ಲ ಉರಿಯಿತು. ಪ್ರಸಾದ ತಿಂದು ಎಲ್ಲರೂ ಹೊರಟರು. ಮರುದಿನ ಶುಕ್ರವಾರ, ಅಲ್ಲಿ ರಜೆಯ ದಿನ. ವಾರದ ರಜೆ ಮುಗಿಯುವವರೆಗೆ ಆ ಬಾಗಿಲು ಮುಟ್ಟುವವರಿಲ್ಲ.

ಬೀಗ ಕೈಯಲ್ಲಿ ಹಿಡಿದು ನಿಂತಿದ್ದೆ. ಆಗ ಒಳಗಿನಿಂದ ಕೇಳಿಸಿತು. ಕ್ವಾಕ್, ಕ್ವಾಕ್, ಕ್ವಾಕ್. ಬಾತುಕೋಳಿ ಗೊಣಗಿದ ಹಾಗೆ. ನಾನು ಕಪ್ಪೆಗಳ ನಡುವೆಯೇ ಬೆಳೆದವ. ನಮ್ಮೂರಿನ ಯಾವ ಕಪ್ಪೆಯೂ ಹಾಗೆ ಕೂಗುವುದಿಲ್ಲ. ಆ ಬಾಗಿಲೋ, ಗೇಣು ದಪ್ಪದ್ದು. ಯಂತ್ರದ ಗದ್ದಲ ಬೇರೆ. ಒಳಗೆ ನಿಂತು ಗಂಟಲು ಹರಿದುಕೊಂಡರೂ ಹೊರಗೆ ಕೇಳುವುದಿಲ್ಲ. ಆದರೂ ಕೇಳಿಸಿತು, ಕಿವಿಯ ಬುಡದಲ್ಲೇ. ‘ಎಂಥ ಕರ್ಮವಪ್ಪ’ ಎಂದು ಬೈದುಕೊಳ್ಳುತ್ತಲೇ ಮಾಲೆ ಕಿತ್ತು ಬಾಗಿಲು ಎಳೆದೆ.

ದಿನೇಶ ಹೊಸ್ತಿಲ ಒಳಗೇ ಮುದುಡಿ ಬಿದ್ದಿದ್ದ. ಹುಬ್ಬಿನ ಮೇಲೆಲ್ಲ ಹಿಮ. ಒಳಗಿನ ಹಿಡಿಕೆ ಮಂಜು ಕಟ್ಟಿ ಜಾಮ್ ಆಗಿತ್ತು. ಅದನ್ನು ತಿರುಗಿಸಲು ಕೈಗವಸು ತೆಗೆದಿದ್ದನಂತೆ. ಬೆರಳುಗಳು ಮೇಣದ ಹಾಗೆ ಬೆಳ್ಳಗಾಗಿದ್ದವು. ಹೊತ್ತು ಹೊರಗೆ ತಂದೆ. ಹೇಗೆ ಹೊತ್ತೆನೋ ದೇವರೇ ಬಲ್ಲ. ಆಸ್ಪತ್ರೆಯಲ್ಲಿ ಜೀವ ಉಳಿಸಿದರು. ಬಲಗೈಯ ಬೆರಳುಗಳನ್ನು ಉಳಿಸಲಾಗಲಿಲ್ಲ. ಹೆಂಡತಿ ನನ್ನನ್ನು ಒಂದು ಮಾತೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಮಾತಾಡುವಂತಾದ ಮೇಲೆ ದಿನೇಶನನ್ನು ಕೇಳಿದೆ, "ನೀನು ಹಾಗೆ ಕೂಗಿದ್ದಾ?"

"ನಾನು ಬಾಗಿಲು ಬಡಿದೆ ಭಾವ. ನೀವು ಆಚೆ ಗಂಟೆ ಬಾರಿಸ್ತಿದ್ರಿ, ನೆಲ ಅದುರುವುದ್ರಲ್ಲಿ ಗೊತ್ತಾಗ್ತಿತ್ತು. ಆಮೇಲೆ ದವಡೆ ಕಚ್ಚಿಕೊಂಡಿತು, ಸ್ವರವೇ ಇಲ್ಲ. ಅದು ಕೂಗ್ತಾ ಇತ್ತು. ನಿದ್ದೆ ಬಂದಾಗೆಲ್ಲ ಕೂಗ್ತಿತ್ತು ಶನಿ, ಮಲಗ್ಲಿಕ್ಕೇ ಬಿಡ್ಲಿಲ್ಲ."

ಆ ರಾತ್ರಿ ಮೊಬೈಲಿನಲ್ಲಿ ಆ ಕಪ್ಪೆಯ ಕೂಗು ಹುಡುಕಿ ಹಚ್ಚಿದೆ. ಅದೇ ಸ್ವರ. ಆಮೇಲೆ ಮೆಕ್ಯಾನಿಕ್ ಬಂದು ಕೋಣೆಯ ಫ್ಯಾನು, ಬಾಗಿಲಿನ ರಬ್ಬರು ಎಲ್ಲ ಪರೀಕ್ಷಿಸಿದ. ಅಂಥ ಸದ್ದು ಬರಲು ಕಾರಣ ಸಿಗಲಿಲ್ಲ. ಕಪ್ಪೆಯ ಡಬ್ಬಿ ಮುಚ್ಚಿದ ಹಾಗೇ ಇತ್ತು, ಕಪ್ಪೆ ಕಲ್ಲಿನ ಹಾಗೇ ಇತ್ತು.

ಡಬ್ಬಿಯನ್ನು ಮನೆಗೆ ತಂದೆ. ಮಾಲು ಕಳಿಸಿದವರು ಹಾಳಾಗಿ ಹೋಗಲಿ. ದಿನೇಶ ಕೈಗೆ ಬ್ಯಾಂಡೇಜು ಕಟ್ಟಿಕೊಂಡು ಬಾಲ್ಕನಿಯಲ್ಲಿ ಕೂತ. ನೆರಳಿನಲ್ಲಿ ಅಗಲ ತಟ್ಟೆಯಲ್ಲಿ ನೀರು ಹಾಕಿ ಕಪ್ಪೆಯನ್ನು ಬಿಟ್ಟೆವು. ಮಂಜು ಬಿಟ್ಟಿತು. ಕಾಲುಗಳು ಮೆತ್ತಗಾಗಿ ಉದ್ದಕ್ಕೆ ಬಂದವು. ಮಧ್ಯಾಹ್ನ ದಾಟಿತು. ಇವಳು ಊಟಕ್ಕೆ ಕರೆದರೂ ನಾವು ಏಳಲಿಲ್ಲ. ಸಂಜೆಗೆ ವಾಸನೆ ಶುರುವಾಯಿತು.

"ನನಗೆ ಬಾಗಿಲು ತೆಗ್ದ್ರಿ" ಎಂದು ದಿನೇಶ ಮುಖ ಆಚೆ ತಿರುಗಿಸಿದ. "ಅದಕ್ಕೆ ಯಾರೂ ತೆಗಿಲಿಲ್ಲ."

ಕಟ್ಟಡದ ಹಿಂದಿನ ಖರ್ಜೂರದ ಮರದ ಬುಡದಲ್ಲಿ ಹೂತೆ. ದಿನೇಶ ಊರಿಗೆ ಹೋದ. ಮಳೆಗಾಲದಲ್ಲಿ ಫೋನ್ ಮಾಡುತ್ತಾನೆ. ಗದ್ದೆಯ ಕಪ್ಪೆಗಳು ಕೂಗುತ್ತಿರುವಷ್ಟು ಹೊತ್ತು ನಿದ್ದೆ ಬರುತ್ತದಂತೆ. ಕೂಗು ನಿಂತ ಕೂಡಲೇ ಎಚ್ಚರವಾಗುತ್ತದಂತೆ. ನಾನು ಈಗಲೂ ಅದೇ ಗೋದಾಮಿನಲ್ಲಿದ್ದೇನೆ. ಬಾಗಿಲಿಗೆ ಈಗ ಅಲಾರಾಂ ಇದೆ, ಒಳಗೆ ಹೋಗುವವರು ಹೆಸರು ಹೇಳಿ ಹೋಗುತ್ತಾರೆ. ಆದರೂ ಬೀಗ ಹಾಕುವ ಮೊದಲು ನಾನು ಬಾಗಿಲಿಗೆ ಕಿವಿಯಿಟ್ಟು ನಿಲ್ಲುತ್ತೇನೆ. ಕೆಲಸದವರು ನಗುತ್ತಾರೆ, ನಗಲಿ. ಒಳಗಿನಿಂದ ಏನೂ ಕೇಳಿಸುವುದಿಲ್ಲ. ಏನೂ ಕೇಳಿಸದಿದ್ದರೆ ಸಮಾಧಾನ ಆಗಬೇಕು. ನನಗೆ ಆಗುವುದಿಲ್ಲ.