ಒಂದು ದಿನ ತಡವಾದ ಸರ್ವೀಸು

ದ್ಯಾಮಣ್ಣನ ಮೇಲೆ ನನಗೆ ಎರಡು ವರ್ಷ ಕೋಪವಿತ್ತು. ಹಾಗಂತ ಮಾತು ಬಿಟ್ಟಿರಲಿಲ್ಲ. ಅವನ ಹೆಂಡತಿ ಗಿರಿಜವ್ವ ಮಾಡುವ ಜೋಳದ ರೊಟ್ಟಿ, ಎಣ್ಣೆಗಾಯಿ ಬಿಡುವಷ್ಟು ದೊಡ್ಡ ಕೋಪ ನನ್ನ ಕೈಲಾಗುವುದಿಲ್ಲ. ಮೈಸೂರಿನವನು ನಾನು, ಕೋಪವನ್ನೂ ನಯವಾಗಿಯೇ ಇಟ್ಟುಕೊಳ್ಳುತ್ತೇನೆ.

ದ್ಯಾಮಣ್ಣ ಹುಬ್ಬಳ್ಳಿಯವನು. ಅಲ್ಲಿ ಲಾರಿ ಗ್ಯಾರೇಜಿನಲ್ಲಿ ಕೆಲಸ ಕಲಿತು, ಈ ಪರದೇಶಕ್ಕೆ ಬಂದು ಐದು ವರ್ಷ ಫ್ಯಾಕ್ಟರಿಯಲ್ಲಿ ಶಿಫ್ಟ್ ಮಾಡಿ, ಆಮೇಲೆ ಪಿಕರಿಂಗ್‌ನ ಒಂದು ಟ್ರೇಲರ್ ವರ್ಕ್‌ಶಾಪು ಸೇರಿದ. ಟ್ರೇಲರ್ ಎಂದರೆ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಗಾಲಿಯ ಮೇಲಿನ ಮನೆ. ಒಳಗೆ ಹಾಸಿಗೆ, ಒಲೆ, ನಲ್ಲಿ ಎಲ್ಲ ಇರುತ್ತದೆ. ಅದನ್ನು ರಿಪೇರಿ ಮಾಡುವವನಿಗೆ ಲೈಸೆನ್ಸ್ ಇರಬೇಕು, ಲೈಸೆನ್ಸಿಗೆ ಪರೀಕ್ಷೆ ಬರೆಯಬೇಕು. ಇಂಗ್ಲಿಷಿನ ಕಾಟಕ್ಕೆ ದ್ಯಾಮಣ್ಣ ಎರಡು ಸಲ ಫೇಲಾದ. ಮೂರನೇ ಸಲ ಪಾಸಾದಾಗ ಮಾಲೀಕ ಅವನ ಹೆಸರು, ಲೈಸೆನ್ಸ್ ನಂಬರು ಇರುವ ರಬ್ಬರ್ ಸೀಲು ಮಾಡಿಸಿಕೊಟ್ಟ. ಅದನ್ನು ಗಿರಿಜವ್ವನ ಹಳೆಯ ಕುಂಕುಮದ ಡಬ್ಬಿಯಲ್ಲಿಟ್ಟು, ಎಲ್ಲಿ ಹೋದರೂ ಟೂಲ್‌ಬಾಕ್ಸಿನೊಳಗೆ ಒಯ್ಯುತ್ತಾನೆ.

ಆ ಸೀಲಿಗೆ ಬೆಲೆ ಬಂದದ್ದು ಇನ್ಶೂರೆನ್ಸಿನಿಂದ. ದಾರಿಯಲ್ಲಿ ಟ್ರೇಲರ್ ಕೆಟ್ಟು ನಿಂತರೆ ಲಾರಿ ಕಳಿಸಿ ಎಳೆಸಿಕೊಂಡು ಹೋಗುವ ಪಾಲಿಸಿ ಟ್ರೇಲರ್ ಇಟ್ಟುಕೊಂಡ ನಮ್ಮಂಥವರೆಲ್ಲರ ಹತ್ತಿರವೂ ಇರುತ್ತದೆ. ಅದರಲ್ಲೊಂದು ಷರತ್ತು. ಹಿಂದಿನ ಸರ್ವೀಸಾಗಿ ಹನ್ನೆರಡು ತಿಂಗಳು ಮೀರಿರಬಾರದು. ಲೈಸೆನ್ಸ್ ಇರುವ ಮೆಕ್ಯಾನಿಕ್ಕೇ ಮಾಡಿ, ಸರ್ವೀಸ್ ಪುಸ್ತಕದಲ್ಲಿ ತಾರೀಖು ಬರೆದು ಸೀಲು ಹೊಡೆದಿರಬೇಕು. ಇಲ್ಲದಿದ್ದರೆ ಕಂಪನಿ ಕೈ ಎತ್ತಿಬಿಡುತ್ತದೆ. ನಾನು ವಿದ್ಯುತ್ ಸ್ಥಾವರದಲ್ಲಿ ಮೂವತ್ತು ವರ್ಷ ಎಂಜಿನಿಯರ್ ಆಗಿ ಇಂಥ ಷರತ್ತುಗಳನ್ನು ಪಾಲಿಸಿದವನು. ರಿಟೈರಾದ ಮೇಲೆ ಮರೆಯುವ ಹಕ್ಕು ನನಗಿದೆ ಅಂದುಕೊಂಡಿದ್ದೆ.

2010ರ ಬೇಸಿಗೆಯಲ್ಲಿ ಮೈಸೂರಿಗೆ ಮದುವೆಗೆ ಹೋಗಿ ಬಂದೆ. ಬಂದವನೇ ಹೆಂಡತಿ ರತ್ನಾಳನ್ನು ಕೂರಿಸಿಕೊಂಡು ಟ್ರೇಲರ್ ಕಟ್ಟಿ ಹೊರಟೆ. ಕಿಂಗ್‌ಸ್ಟನ್ ಹತ್ತಿರ ಅದರ ಗಾಲಿಯ ಅಚ್ಚು, ಆಕ್ಸಲ್, ಮುರಿಯಿತು. ನೋಡಿದರೆ ಸರ್ವೀಸಿನ ಅವಧಿ ಮುಗಿದು ಹತ್ತು ದಿನ. ಪುಸ್ತಕದ ಕಾಪಿ ಕಳಿಸಲು ಕಂಪನಿ ಒಂದು ವಾರ ಕೊಟ್ಟಿತು. ನಾನು ನೇರ ದ್ಯಾಮಣ್ಣನ ಹತ್ತಿರ ಓಡಿದೆ.

"ಹತ್ತೇ ದಿನ ಕಣಯ್ಯ. ಡೇಟ್ ಸ್ವಲ್ಪ ಹಿಂದಕ್ಕೆ ಹಾಕಿ ಸೀಲ್ ಹೊಡೆದುಬಿಡು, ಯಾರಿಗೆ ಗೊತ್ತಾಗುತ್ತೆ?" ಅಂದೆ.

"ಸರ್, ಚಾ ಕುಡೀರಿ, ಊಟ ಮಾಡ್ರಿ, ಏನ್ ಬೇಕಾದ್ರೂ ಕೇಳ್ರಿ. ತಾರೀಖು ಮಾತ್ರ ನಾ ಸುಳ್ಳ ಬರಿಯಂಗಿಲ್ರಿ" ಅಂದ.

ಬರೆಯಲಿಲ್ಲ. ಕ್ಲೇಮ್ ಕೈತಪ್ಪಿ ಹೋಯಿತು. ಆಮೇಲೆ ಅವನೇ ತನ್ನ ರಜೆಯ ದಿನ ನನ್ನ ಟ್ರೇಲರ್ ಸರಿ ಮಾಡಿ, ಅದರ ಮುಂದಿನ ಡಿಕ್ಕಿಯಲ್ಲಿ ಒಂದು ಭಾರದ ಪೆಟ್ಟಿಗೆ ಇಟ್ಟ. "ಇದು ಇರ್ಲಿ ಸರ್, ದಾರ್ಯಾಗ ಬೇಕಾಕ್ಕೈತಿ" ಅಂದ. "ನಿನ್ನ ಉಪಕಾರ ಸಾಕಪ್ಪ" ಎಂದು ಡಿಕ್ಕಿಯ ಬಾಗಿಲು ದಬ್ಬಿ ಮುಚ್ಚಿದೆ. ಆ ಪೆಟ್ಟಿಗೆಯಲ್ಲಿ ಏನಿದೆ ಎಂದು ನೋಡಲೂ ಇಲ್ಲ.

ತನ್ನ ಟ್ರೇಲರಿನ ಸರ್ವೀಸನ್ನು ದ್ಯಾಮಣ್ಣ ಪ್ರತಿ ವರ್ಷ ಆಯುಧಪೂಜೆಯ ದಿನವೇ ಮಾಡುತ್ತಿದ್ದ. ಇದು ಗಿರಿಜವ್ವನ ಕಟ್ಟಪ್ಪಣೆ. ಅವಳ ಪ್ರಕಾರ ಯಂತ್ರಕ್ಕೆ ಎಣ್ಣೆ, ಗ್ರೀಸು, ಅರಿಶಿನ, ಕುಂಕುಮ ಎಲ್ಲ ಒಂದೇ ದಿನ ಸಲ್ಲಬೇಕು. ಮಧ್ಯಾಹ್ನದವರೆಗೆ ಅವನು ಬೋಲ್ಟು ಬಿಗಿದು ಸೀಲು ಹೊಡೆಯುತ್ತಿದ್ದ, ಆಮೇಲೆ ಅವಳು ಗಾಲಿಗೆ ನಿಂಬೆಹಣ್ಣು ಇಡುತ್ತಿದ್ದಳು. ಒಂದು ವರ್ಷವೂ ತಪ್ಪಿಸಿದವರಲ್ಲ.

2012ರ ಥ್ಯಾಂಕ್ಸ್‌ಗಿವಿಂಗ್ ಎಂಬ ಇಲ್ಲಿನ ಸುಗ್ಗಿ ಹಬ್ಬದ ಮೂರು ದಿನದ ರಜೆಗೆ ಎರಡೂ ಮನೆಯವರು ಆಲ್ಗೊಂಕ್ವಿನ್ ಕಾಡಿಗೆ ಹೊರಟೆವು. ಅಕ್ಟೋಬರ್ ಆರು, ಶನಿವಾರ. ಗಿರಿಜವ್ವ ಏಜಾಕ್ಸಿನ ಬ್ರೆಡ್ ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ. ಈ ರಜೆಯಲ್ಲಿ ಅವಳಿಗೆ ಶಿಫ್ಟ್ ಇಲ್ಲದೇ ಹೋದದ್ದು ಅದೇ ಮೊದಲು. ಎಲೆ ಉದುರುವ ಮುನ್ನ ಕಾಡು ಪೂರ್ತಿ ಕೆಂಪಾಗುವುದನ್ನು ಫೋಟೋದಲ್ಲಿ ಮಾತ್ರ ನೋಡಿದ್ದಳು. ಎರಡು ದಿನ ಮೊದಲೇ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ ಕಟ್ಟಿಟ್ಟಿದ್ದಳು.

ಬ್ಯಾರಿ ಎಂಬ ಊರು ದಾಟಿ ಸ್ವಲ್ಪ ದೂರ ಹೋಗಿರಬೇಕು. ಮುಂದೆ ಹೋಗುತ್ತಿದ್ದ ದ್ಯಾಮಣ್ಣನ ಟ್ರೇಲರಿನ ಎಡಗಾಲಿಯಿಂದ ಹೊಗೆ ಬರುವುದು ಕಂಡಿತು. ಲೈಟು ಮಿನುಗಿಸಿ, ಹಾರ್ನ್ ಹೊಡೆದು, ಒಂದು ಪೆಟ್ರೋಲ್ ಬಂಕಿನ ಅಂಗಳದಲ್ಲಿ ನಿಲ್ಲಿಸಿದೆವು. ದ್ಯಾಮಣ್ಣ ಟ್ರೇಲರಿನ ಕೆಳಗೆ ತೂರಿ ಮುಖ ಸಣ್ಣ ಮಾಡಿಕೊಂಡು ಹೊರಗೆ ಬಂದ.

"ಬೇರಿಂಗ್ ಸುಟ್ಟೈತ್ರಿ ಸರ್. ಗಾಲಿ ನಡುವಿನ ಹಬ್ ಪೂರಾ ಬದಲ್ ಮಾಡ್ಬೇಕು."

"ಸ್ಪೇರ್ ಇಲ್ಲವಾ ನಿನ್ನ ಹತ್ತಿರ?"

"ಒಂದಿತ್ರಿ. ಈಗಿಲ್ಲ."

ಹಬ್ಬದ ರಜೆ, ಮಂಗಳವಾರದವರೆಗೆ ಬಿಡಿಭಾಗದ ಅಂಗಡಿಗಳೆಲ್ಲ ಬಂದ್. ನಮ್ಮ ಟ್ರೇಲರಿನಲ್ಲಿ ನಾಲ್ವರು ಮಲಗುವಷ್ಟು ಜಾಗವಿಲ್ಲ, ಅವನದನ್ನು ಅಲ್ಲೇ ಬಿಟ್ಟು ಹೋಗುವಂತೆಯೂ ಇರಲಿಲ್ಲ. ಇನ್ನುಳಿದದ್ದು ಇನ್ಶೂರೆನ್ಸ್ ಕಂಪನಿಯ ಲಾರಿಯೊಂದೇ. ಅವರೇ ಕ್ಯಾಂಪಿನವರೆಗೂ ಎಳೆದು ಬಿಡುತ್ತಾರೆ, ರಜೆ ಕೆಡುವುದಿಲ್ಲ ಎಂದು ದ್ಯಾಮಣ್ಣ ಹೆಂಡತಿಗೆ ಧೈರ್ಯ ಹೇಳುತ್ತ ಸರ್ವೀಸ್ ಪುಸ್ತಕ ತೆಗೆದ. ಕೊನೆಯ ಪುಟದ ಮೇಲೆ ಅವನ ಬೆರಳು ನಿಂತಿತು.

"ಸರ್, ಇವತ್ತ ತಾರೀಖ ಎಷ್ಟ್ರಿ?"

"ಆರು."

"ಇದರಾಗ ಐದ ಐತ್ರಿ. ಹೋದ ವರ್ಷದ ಅಕ್ಟೋಬರ್ ಐದು."

ಹಿಂದಿನ ವರ್ಷದ ಆಯುಧಪೂಜೆ ಅಕ್ಟೋಬರ್ ಐದಕ್ಕೆ ಬಂದಿತ್ತು. ಹನ್ನೆರಡು ತಿಂಗಳು ನಿನ್ನೆಗೆ ಮುಗಿದಿತ್ತು. ಗಿರಿಜವ್ವ ಬೆರಳು ಮಡಚಿ ಎಣಿಸಿದಳು. "ನವಮಿಗೆ ಇನ್ನೂ ಹದಿನೇಳ ದಿನ ಐತೆಲ್ರಿ. ಈ ವರ್ಷ ಅಧಿಕ ಮಾಸ ಬಂತಲ್ಲ, ಹಬ್ಬ ಮುಂದ ಹೋಗೇತಿ" ಅಂದಳು. ಹಿಂದೆ ಅಧಿಕ ಮಾಸ ಬಂದಾಗಲೂ ಹೀಗೇ ಆಗಿರಬೇಕು. ಆಗ ಟ್ರೇಲರ್ ಕೆಟ್ಟಿರಲಿಲ್ಲ, ಯಾರೂ ಕೇಳಿರಲಿಲ್ಲ. ಊರಿಗೆಲ್ಲ ತಾರೀಖಿನ ಪಾಠ ಹೇಳುವವನು ತನ್ನ ಮನೆಯಲ್ಲಿ ಪಂಚಾಂಗ ನಂಬಿ ಕೂತಿದ್ದ.

"ದೀಪದ ಬುಡದಲ್ಲೇ ಕತ್ತಲೆ ಅಂದಹಾಗಾಯ್ತಲ್ಲಯ್ಯ" ಅಂದೆ. ನಗು ತಡೆಯಲಾಗಲಿಲ್ಲ. ರತ್ನಾ ನನ್ನ ಪಕ್ಕೆ ತಿವಿದಳು.

ಗಿರಿಜವ್ವ ಟೂಲ್‌ಬಾಕ್ಸಿನಿಂದ ಕುಂಕುಮದ ಡಬ್ಬಿ ತಂದು ಅವನ ಮುಂದಿಟ್ಟಳು. "ಪುಸ್ತಕ ಇಲ್ಲೇ ಐತಿ, ಶಿಕ್ಕಾ ಇಲ್ಲೇ ಐತಿ. ಸರ್ವೀಸ್ ಮಾಡಾವ್ರೂ ನೀವ. ಹೋದ ವಾರದ ತಾರೀಖ ಹಾಕಿ ಒತ್ತಿಬಿಡ್ರಿ. ಒಂದ ದಿನಕ್ಕ ಯಾರ ಮುಳಗ್ತಾರ?"

ದ್ಯಾಮಣ್ಣ ಡಬ್ಬಿ ತೆರೆದ. ನಿಜ ಹೇಳುತ್ತೇನೆ, ಅವನು ಬರೆಯಲಿ ಎಂದೇ ನಾನು ಕಾಯುತ್ತಿದ್ದೆ. ಬರೆದರೆ ನನ್ನ ಎರಡು ವರ್ಷದ ಕೋಪಕ್ಕೆ ನ್ಯಾಯ ಸಿಗುತ್ತಿತ್ತು, ಸಾಯುವವರೆಗೂ ಹೇಳಿ ಹೇಳಿ ಅವನನ್ನು ಕಾಡಬಹುದಿತ್ತು. ಅವನು ಸೀಲನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿ, ಮತ್ತೆ ಡಬ್ಬಿಯಲ್ಲಿಟ್ಟು ಮುಚ್ಚಿದ. ಪುಸ್ತಕವನ್ನು ನನ್ನ ಕೈಗೆ ಕೊಟ್ಟ.

"ಇದು ನಿಮ್ಮ ಕೈಯಾಗ ಇರ್ಲಿ ಸರ್. ಹತ್ತ ದಿನಕ್ಕ ನಿಮಗ ಇಲ್ಲ ಅಂದಾಂವ ನಾನು. ಒಂದ ದಿನಕ್ಕ ನನಗ ನಾನ ಹೂಂ ಅಂದ್ರ, ನಾಳೆ ನಿಮ್ಮ ಮಾರಿ ಹೆಂಗ ನೋಡ್ಲಿ?"

ಕಂಪನಿಗೆ ಫೋನ್ ಮಾಡಿದ. ಆ ಕಡೆಯ ಹುಡುಗಿ ಕೇಳಿದ್ದಕ್ಕೆಲ್ಲ ತನ್ನ ಹುಬ್ಬಳ್ಳಿ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ. ಕೊನೆಯ ಸರ್ವೀಸಿನ ತಾರೀಖನ್ನು ಎರಡು ಸಲ ಸ್ಪಷ್ಟವಾಗಿ ಹೇಳಿದ. ಪಾಪ, ಅವಳಿಗೂ ಕೆಡುಕೆನಿಸಿರಬೇಕು; ಮೇಲಿನವರನ್ನು ಕೇಳಿ ಬರುತ್ತೇನೆ ಎಂದು ಹೋಗಿ, ಬಂದು, ಕ್ಷಮಿಸಿ, ಟ್ರೇಲರಿಗೆ ಲಾರಿ ಕಳಿಸಲು ಬರುವುದಿಲ್ಲ ಅಂದಳು. ದ್ಯಾಮಣ್ಣ ಥ್ಯಾಂಕ್ಯೂ ಹೇಳಿ ಫೋನ್ ಇಟ್ಟ.

ಗಿರಿಜವ್ವ ಟ್ರೇಲರಿನ ಮೆಟ್ಟಿಲ ಮೇಲೆ ಕೂತಳು. "ಹೋಗ್ಲಿ ಬಿಡ್ರಿ. ಎಲಿ ಎಲ್ಲಿ ಓಡಿ ಹೋಗ್ತಾವ, ಮುಂದಿನ ವರ್ಷ ನೋಡಿದ್ರಾತು" ಅಂದಳು. ಹೇಳಿ ಮುಖ ಆ ಕಡೆ ತಿರುಗಿಸಿದಳು. ಇಂಥ ದಿನ ಬರಲಿ ಎಂದು ಎರಡು ವರ್ಷ ಹಾರೈಸಿದವನು ನಾನು. ಬಂದಾಗ ಒಂದು ಕಾಳಷ್ಟೂ ಸಂತೋಷವಾಗಲಿಲ್ಲ, ನಾಚಿಕೆಯಾಯಿತು.

ಅವಳಿಗೊಂದು ಕುರ್ಚಿಯಾದರೂ ಕೊಡೋಣ ಎಂದು ನನ್ನ ಟ್ರೇಲರಿನ ಮುಂದಿನ ಡಿಕ್ಕಿ ತೆರೆದೆ. ಕುರ್ಚಿ ಎಳೆದರೆ ಬರಲೊಲ್ಲದು, ಏನೋ ಅಡ್ಡ. ಅದೇ ಹಳೆಯ ಪೆಟ್ಟಿಗೆ. ಧೂಳು ಒರೆಸಿದರೆ ಮೇಲೆ ಮಾರ್ಕರಿನಲ್ಲಿ ಕನ್ನಡದಲ್ಲಿ ನನ್ನ ಹೆಸರು ಬರೆದಿತ್ತು: "ಸತ್ಯಪ್ರಕಾಶ್ ಸರ್ ಅವರಿಗೆ, ದಾರಿಗೆ." ಒಳಗೆ ಗ್ರೀಸು ತುಂಬಿ, ಪ್ಲಾಸ್ಟಿಕ್ಕು ಸುತ್ತಿದ ಹೊಸ ಹಬ್, ಬೇರಿಂಗ್ ಸಮೇತ. ನಮ್ಮಿಬ್ಬರ ಆಕ್ಸಲ್ಲೂ ಒಂದೇ ಅಳತೆ. ತನ್ನಲ್ಲಿದ್ದ ಒಂದೇ ಸ್ಪೇರನ್ನು ಅವನು ಅವತ್ತು ನನಗೆ ಕೊಟ್ಟಿದ್ದ.

ಎರಡೂ ಕೈಯಲ್ಲಿ ಹೊತ್ತು ತಂದು ಅವನ ಮುಂದಿಟ್ಟೆ. "ಕೇಳೋಕೇನಾಗಿತ್ತಯ್ಯ ನಿಂಗೆ?"

"ಸಿಟ್ಟಿಲೆ ಒಗದಿರ್ತೀರಿ ಅನ್ಕೊಂಡಿದ್ದೆ ಸರ್."

ಒಗೆಯಬೇಕೆಂದೇ ಇದ್ದೆ, ಭಾರ ಎಂದು ಸೋಮಾರಿತನ ಮಾಡಿದ್ದೆ ಎಂದು ಹೇಳಿಬಿಟ್ಟೆ. ಗಿರಿಜವ್ವ ಕಣ್ಣೊರೆಸಿಕೊಂಡು ನಕ್ಕಳು. ಅವನು ಜಾಕ್ ಏರಿಸಿದ, ನಾನು ಸ್ಪ್ಯಾನರ್ ಕೊಡುತ್ತ ನಿಂತೆ. ಗಾಲಿ ಕೂತ ಮೇಲೆ ಗಿರಿಜವ್ವ ಊಟಕ್ಕೆಂದು ತಂದಿದ್ದ ನಿಂಬೆಹಣ್ಣನ್ನು ಅದರಡಿ ಇಟ್ಟಳು. ಸಂಜೆ ಬೆಳಕಿರುವಾಗಲೇ ಕಾಡು ಸೇರಿದೆವು. ಕೆಂಪು ಮರಗಳ ಕೆಳಗೆ ಅವಳು ಚಪ್ಪಲಿ ಬಿಟ್ಟು ಓಡಾಡಿದಳು, ನಾವು ಶೇಂಗಾ ಚಟ್ನಿ ಹಚ್ಚಿಕೊಂಡು ರೊಟ್ಟಿ ತಿಂದೆವು.

ಮರುವಾರ ದ್ಯಾಮಣ್ಣ ಪೂರ್ತಿ ಸರ್ವೀಸ್ ಮಾಡಿ, ಮಾಡಿದ ದಿನದ್ದೇ ತಾರೀಖು ಬರೆದ. ಈಗ ಪ್ರತಿ ವರ್ಷ ಕಂಪನಿಗೆ ಸೆಪ್ಟೆಂಬರಿನಲ್ಲಿ ಒಂದು ಸರ್ವೀಸು, ಗಿರಿಜವ್ವನಿಗೆ ನವಮಿಗೆ ಇನ್ನೊಂದು.

ಆ ವರ್ಷದ ಆಯುಧಪೂಜೆಗೆ ನಮ್ಮನ್ನೂ ಕರೆದಿದ್ದರು. ಮಣೆಯ ಮೇಲೆ ಸ್ಪ್ಯಾನರು, ಜಾಕು, ಸುತ್ತಿಗೆ ಸಾಲಾಗಿ ಇದ್ದವು. ಗಿರಿಜವ್ವ ಕುಂಕುಮದ ಬಟ್ಟಲು ಹಿಡಿದು ಬಂದವಳು ಅವನ್ನೆಲ್ಲ ಬಿಟ್ಟು, ಮೊದಲು ಆ ಹಳೆಯ ಡಬ್ಬಿ ತೆರೆದು ಸೀಲಿಗೆ ಕುಂಕುಮ ಹಚ್ಚಿ ಹೂವಿಟ್ಟಳು. ನಾನು ಕೈ ಮುಗಿದೆ.