ನನ್ನ ಮುಖ ನೋಡಿ ಹೇಳಿದ ಉತ್ತರಗಳು

ದನದ ಸಂತೆಯ ದಲ್ಲಾಳಿಗೆ ಮುಖ ಇರಬಾರದು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುವಾಗ ಹುಬ್ಬು ಕೂಡ ಅಲುಗಬಾರದು. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಸಂತೆಗಳಲ್ಲಿ ಇಪ್ಪತ್ತು ವರ್ಷ ಹೀಗೆ ದುಡಿದೇ ನಾನು ಮೇಲೆ ಬಂದವನು. "ಇವನ ಮಾರಿ ಅಂದ್ರ ಗ್ವಾಡಿ ಇದ್ದಂಗ" ಎಂದು ರೈತರು ಬೈಯುತ್ತಿದ್ದರು. ನನಗೆ ಅದು ಹಾರ ಹಾಕಿದಂತಿತ್ತು.

ಮನೆಯಲ್ಲಿ ಆ ಗೋಡೆ ನಿಲ್ಲಲಿಲ್ಲ.

ಮಕ್ಕಳು ದೊಡ್ಡವರಾದ ಮೇಲೆ ನನ್ನ ಹೆಂಡತಿ ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಅರ್ಜಿ ಹಾಕಿದಳು. ಟ್ರೇನಿಂಗನ್ನು ಮದುವೆಗೆ ಮುಂಚೆಯೇ ಮುಗಿಸಿದ್ದಳು. ವಯಸ್ಸಿನ ಮಿತಿ ದಾಟಲು ಕೆಲವೇ ತಿಂಗಳಿದ್ದವು. ಅದೇ ಕೊನೆಯ ಅವಕಾಶ. ಒಂದೇ ಪಾಠವನ್ನು ಮೂರು ಮೂರು ಸಲ ಓದುತ್ತಿದ್ದವಳಿಗೆ ನಾನು ಬುದ್ಧಿ ಹೇಳಿದೆ: "ಬರೇ ಓದಿದ್ರ ತಲ್ಯಾಗ ನಿಲ್ಲೂದಿಲ್ಲ. ಪುಸ್ತಕ ಮುಚ್ಚು. ನಾ ಕೇಳತೇನಿ, ನೀ ಹೇಳು."

ಮಾತು ತಪ್ಪಲ್ಲ, ಈಗಲೂ ಎಲ್ಲರಿಗೂ ಅದನ್ನೇ ಹೇಳುತ್ತೇನೆ. ಸಂತೆಯಿಂದ ಬರುವಾಗ ಬಸ್ಸಿನಲ್ಲಿ ಕಣ್ಣು ಮುಚ್ಚಿ, ಯಾವ ಎತ್ತಿನ ಜೋಡಿ ಯಾರ ಮನೆಗೆ ಹೋಯಿತು, ವಯಸ್ಸು ಹೇಳುವ ಹಲ್ಲು ಯಾವುದಕ್ಕೆ ಎಷ್ಟು ಎಂದು ನನ್ನನ್ನೇ ಕೇಳಿಕೊಂಡು ನೆನಪಿಟ್ಟವನು ನಾನು.

ದಿನಾ ಸಂಜೆ ಚಹಾ ಕುಡಿದು ಎದುರುಬದುರು ಕೂರುತ್ತಿದ್ದೆವು. ನಾನು ಪ್ರಶ್ನೆಯನ್ನೂ ನಾಲ್ಕು ಉತ್ತರಗಳನ್ನೂ ಓದುತ್ತಿದ್ದೆ, ಅವಳು ಒಂದನ್ನು ಆರಿಸುತ್ತಿದ್ದಳು. ತಿಂಗಳೊಳಗೆ ಐವತ್ತಕ್ಕೆ ನಲವತ್ತೈದು ಸರಿ. ಚಹಾದಂಗಡಿಯಲ್ಲಿ ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದೆ.

ಒಂದು ಸಂಜೆ ಎತ್ತಿಗೆ ಮೇವು ಹಾಕುತ್ತ, ಪುಸ್ತಕವನ್ನು ಗೋದಲಿಯ ಮೇಲಿಟ್ಟು, ಅವಳಿಗೆ ಬೆನ್ನು ಮಾಡಿಯೇ ಕೇಳಿದೆ. ಹಿಂದಿನ ದಿನದ ಪ್ರಶ್ನೆಗಳೇ. ಇಪ್ಪತ್ತರಲ್ಲಿ ಹನ್ನೆರಡು ತಪ್ಪಿದಳು.

"ಇವತ್ತ ಯಾಕೋ ತಲಿ ಓಡವಲ್ದು," ಎಂದಳು.

ನನಗೆ ಅಲ್ಲೇ ಹೊಳೆಯಿತು. ಎದುರಿಗೆ ಕೂತು ಸರಿ ಉತ್ತರ ಓದುವಾಗ ನನ್ನ ಹುಬ್ಬು ಏರುತ್ತಿತ್ತು, ಕಣ್ಣು ಅವಳ ಮೇಲೆ ನಿಲ್ಲುತ್ತಿತ್ತು. ಅವಳಿಗೆ ಬರುತ್ತಿದ್ದುದು ಪಾಠವಲ್ಲ, ನನ್ನ ಮುಖ.

ಹೇಳಲಿಲ್ಲ. ಪರೀಕ್ಷೆಗೆ ಇನ್ನೂ ಐದು ವಾರವಿತ್ತು, ತಿದ್ದಿಕೊಳ್ಳಲು ಸಾಕಾಗುವಷ್ಟು. ಅವಳು ಎದೆಗುಂದಬಾರದು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ನಿಜವೆಂದರೆ, ಚಹಾದಂಗಡಿಯಲ್ಲಿ ಹೇಳಿದ ನಲವತ್ತೈದನ್ನು ಇಳಿಸಲು ನನಗೆ ಮನಸ್ಸಿರಲಿಲ್ಲ. ಮರುದಿನ ಮತ್ತೆ ಎದುರುಬದುರು ಕುಳಿತೆವು.

ಪರೀಕ್ಷೆ ಬರೆದು ಬೆಳಗಾವಿಯಿಂದ ಬಂದವಳು ನಮ್ಮ ನೇಸರಗಿಯಲ್ಲಿ ಬಸ್ಸಿಳಿದು, "ನಾಕೂ ಉತ್ತರ ಒಂದ ನಮೂನಿ ಕಾಣಾಕ ಹತ್ತಿದ್ವು ನೋಡ್ರಿ," ಎಂದಳು. ಆಯ್ಕೆಪಟ್ಟಿಯಲ್ಲಿ ಅವಳ ನಂಬರು ಇರಲಿಲ್ಲ. "ನನ್ನ ತಲಿನ ಮಂದ, ಬಿಡ್ರಿ" ಎಂದಾಗ ನಾನು ಎತ್ತಿಗೆ ನೀರಿಡಲು ಎದ್ದು ಹೋದೆ.

ಈಗ ಅವಳು ನಮ್ಮ ಕಟ್ಟೆಯ ಮೇಲೆ ಓಣಿಯ ಮಕ್ಕಳಿಗೆ ಟ್ಯೂಶನ್ ಹೇಳುತ್ತಾಳೆ. ಕಳೆದ ತಿಂಗಳು ನೋಡಿದರೆ, ಇಬ್ಬರು ಹುಡುಗಿಯರು ಬೆನ್ನಿಗೆ ಬೆನ್ನು ಹಚ್ಚಿ ಕುಳಿತು ಪ್ರಶ್ನೆ ಕೇಳಿಕೊಳ್ಳುತ್ತಿದ್ದರು.

"ಇದೇನ ಹೊಸಾದು?" ಎಂದೆ.

"ಎದುರಿಗೆ ಕುಂತ್ರ ಕೇಳಾವ್ರ ಮಾರಿನ ಉತ್ತರ ಹೇಳಿಬಿಡತೈತ್ರಿ," ಎಂದಳು, ನನ್ನತ್ತ ನೋಡದೆ.

ಮಕ್ಕಳು ಹೋದ ಮೇಲೆ ಬಾಯಿಬಿಟ್ಟೆ. "ನನಗ ಆವತ್ತ ಗೊತ್ತಾಗಿತ್ತು. ಗೋದಲಿ ಮುಂದ."

ಅವಳು ಚಾಪೆ ಸುತ್ತುವುದನ್ನು ನಿಲ್ಲಿಸಲಿಲ್ಲ. "ಹನ್ನೆರಡು ತಪ್ಪಿದ್ದು ನಾನೂ ಎಣಿಸಿದ್ನಿ. ಮರುದಿನ ನೀವು ಮತ್ತ ಎದುರಿಗೆ ಕುಂತ್ರಿ. ಸಂತ್ಯಾಗ ಊರ ಮಂದಿ ಮಾರಿ ಓದಾವ್ರು, ಇವ್ರಿಗೆ ತಿಳೀದ ಇರತೈತೇನು, ಚಿಂತಿ ಮಾಡೂವಂಥಾದ್ದು ಏನೂ ಇಲ್ಲ ಅಂತನ ಕುಂತಾರ ಅಂದ್ಕೊಂಡ್ನಿ."

ಜಗಳವಾಡಿದ್ದರೆ ಚೌಕಾಸಿ ಮಾಡಬಹುದಿತ್ತು. ನಂಬಿದ್ದೆ ಎಂದವಳ ಜೊತೆ ಏನು ಚೌಕಾಸಿ ಮಾಡಲಿ?

ಓದುವವರಿದ್ದರೆ ಕೇಳಿ: ಪುಸ್ತಕ ಮುಚ್ಚಿ ನಿಮ್ಮನ್ನು ನೀವೇ ಕೇಳಿಕೊಳ್ಳಿ, ಮೊದಲು ಬರೆಯಿರಿ, ಆಮೇಲೆ ಉತ್ತರದ ಪುಟ ತೆಗೆಯಿರಿ. ಪ್ರೀತಿಯವರು ಕೇಳುತ್ತಾರೆಂದರೆ ಅವರ ಮುಖವನ್ನು ಗೋಡೆಗೆ ತಿರುಗಿಸಿ.

ಈಗ ಆ ಹುಡುಗಿಯರಿಗೆ ಪ್ರಶ್ನೆ ಓದುವ ಕೆಲಸವನ್ನು ಹೆಂಡತಿ ನನಗೆ ಹಚ್ಚಿದ್ದಾಳೆ. ಗೋಡೆ ನೋಡುತ್ತ, ನಾಲ್ಕೂ ಉತ್ತರಗಳನ್ನು ಒಂದೇ ದನಿಯಲ್ಲಿ ಓದುತ್ತೇನೆ. ನಿನ್ನೆ ಒಬ್ಬಳು ಎರಡನೆಯದೋ ಮೂರನೆಯದೋ ಎಂದು ತಡವರಿಸಿದಳು. ನನ್ನ ಕತ್ತು ತಾನಾಗಿ ಅವಳತ್ತ ಹೊರಳಲು ಹವಣಿಸಿತು. ಒಳಗಿನಿಂದ ಹೆಂಡತಿ ಕೆಮ್ಮಿದಳು.

ತಿರುಗಲಿಲ್ಲ.