ಎಂಆರ್‌ಐಗೆ ಹೋದ ರಾಯವ್ವನ ಮೊಣಕೈ

ಕುಲಗೋಡದ ರಾಯವ್ವ ರೊಟ್ಟಿ ಬಡಿಯಲು ಕುಳಿತರೆ ಬೇರೆ ಯಾರ ಕೈಗೂ ಹಿಟ್ಟು ಸಿಗುತ್ತಿರಲಿಲ್ಲ. ಸೊಸೆ ಶೋಭಾ ಬಡಿದದ್ದು ಆಕೆಯ ಲೆಕ್ಕದಲ್ಲಿ ರೊಟ್ಟಿಯೇ ಅಲ್ಲ.

ಹೀಗಿರುವಾಗ ಬಲ ಮೊಣಕೈ ಮುನಿಸಿಕೊಂಡಿತು. ನೀರಿನ ಚರಿಗೆ ಎತ್ತಿದರೂ ಜೀವ ಹೋದಂತೆ. ಎಣ್ಣೆ ತಿಕ್ಕಿದ್ದಾಯಿತು, ಪಟ್ಟು ಹಾಕಿದ್ದಾಯಿತು. ಗೋಕಾಕದ ಡಾಕ್ಟರರು ಎಕ್ಸ್‌ರೇ ನೋಡಿ, "ಎಲುಬು ಚಲೋ ಐತ್ರಿ. ಸ್ನಾಯುವಿನ ನಾರು ಹರದೈತೇನೋ, ಇದರಾಗ ಕಾಣಾಂಗಿಲ್ಲ. ಎಂಆರ್‌ಐ ಮಾಡಸ್ರಿ. ಪೂರಾ ಹರದಿದ್ರ ಆಪರೇಷನ್" ಎಂದರು. ಕೊಯ್ದ ಕೈ ಮತ್ತೆ ರೊಟ್ಟಿ ಬಡಿದೀತೇ? ರಾಯವ್ವನಿಗೆ ಅದೊಂದೇ ಚಿಂತೆ.

ಸ್ಕ್ಯಾನ್ ಸೆಂಟರಿನಲ್ಲಿ ಯಂತ್ರ ನಡೆಸುವ ಅರ್ಫಾತ, "ಅವ್ವಾರ, ಒಳಗ ದೊಡ್ಡ ಅಯಸ್ಕಾಂತ ಐತ್ರಿ. ಮೈಮ್ಯಾಲಿನ ಲೋಹ ಎಲ್ಲಾ ತಗೀರಿ" ಎಂದ. ಬೆಂಡೋಲೆ, ಕಾಲುಂಗುರ, ತಾಳಿ ಸರಸರ ಗಂಡ ಲಕ್ಕಪ್ಪನ ಬೊಗಸೆಗೆ ಬಿದ್ದವು. ಕೊರಳಲ್ಲಿ ಉಳಿದದ್ದು ಇಷ್ಟಲಿಂಗದ ಬೆಳ್ಳಿ ಕರಡಿಗೆ.

"ಅದನ್ನೂ ತಗೀಬೇಕ್ರಿ."

"ಇದು ಬರಾಂಗಿಲ್ಲ ತಮ್ಮಾ. ಜೀವ ಇರೂತನಕ ಲಿಂಗ ಮೈಮ್ಯಾಲೆ."

ಲಕ್ಕಪ್ಪ ತನ್ನ ಬೊಗಸೆ ನೋಡಿಕೊಂಡ. "ತಾಳಿ ತಗಿಯೂಮುಂದ ಒಂದು ಮಾತೂ ಆಡಲಿಲ್ಲಲ್ಲ!"

"ನೀವು ಇಲ್ಲೇ ನಿಂತೀರಿ. ಎಲ್ಲಿ ಓಡಿ ಹೊಕ್ಕೀರಿ?"

"ಹಂಗಾರ ಮನಿಗೆ ನಡಿ."

ರಾಯವ್ವ ಏಳಲಿಲ್ಲ. ಆಕೆಗೆ ಕೈಯೂ ಬೇಕು, ಲಿಂಗವೂ ಬೇಕು. ಕರಡಿಗೆಯ ಮುಚ್ಚಳ ತೆರೆದು ತೋರಿಸಿ, "ತಮ್ಮಾ, ನಿನಗ ಬ್ಯಾಡಾದದ್ದು ಬೆಳ್ಳಿ. ಒಳಗಿನ ಲಿಂಗ ಕಲ್ಲಿಂದು. ದಿನಾ ಎಡಗೈಯಾಗ ಇಟಗೊಂಡ ಪೂಜಿ ಮಾಡ್ತೀನಿ. ನೀ ನೋಡೂದು ಬಲಗೈ ಅಲ್ಲೇನು?" ಎಂದಳು.

ಅರ್ಫಾತ ಅಲ್ಲಿನ ಡಾಕ್ಟರರನ್ನು ಕರೆತಂದ. ಅವರು ಲಿಂಗಕ್ಕೆ ಸಣ್ಣ ಅಯಸ್ಕಾಂತ ಹಿಡಿದು ಪರೀಕ್ಷಿಸಿ ಒಪ್ಪಿದರು. ರಾಯವ್ವ ಬರಿ ಕರಡಿಗೆಯನ್ನು ಗಂಡನ ಬೊಗಸೆಗೆ ಹಾಕಿ, ಲಿಂಗವನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಎಡಮುಷ್ಟಿಯಲ್ಲಿ ಹಿಡಿದು ಮಲಗಿದಳು.

ಯಂತ್ರ ಕಂಬಾರನ ಸುತ್ತಿಗೆಯಂತೆ ಬಡಿದುಕೊಂಡಿತು. ಆಕೆ ಅಲುಗಲಿಲ್ಲ.

"ಇಷ್ಟು ಸುಮ್ನ ಮಲಗಿದವ್ರನ್ನ ನಾ ನೋಡೇ ಇಲ್ರಿ" ಎಂದ ಅರ್ಫಾತ.

"ಮನ್ಯಾಗ ನಾನೂ ನೋಡಿಲ್ಲೋ" ಎಂದ ಲಕ್ಕಪ್ಪ.

ಚಿತ್ರದಲ್ಲಿ ನಾರು ಅರ್ಧ ಮಾತ್ರ ಹರಿದಿತ್ತು. ಆಪರೇಷನ್ ಬೇಡ, ಮೂರು ತಿಂಗಳು ರೊಟ್ಟಿ ಬಡಿಯಬಾರದು, ಆಮೇಲೆ ನೋಡೋಣ ಎಂದರು ಗೋಕಾಕದ ಡಾಕ್ಟರರು.

ಆ ಸಂಜೆ ಶೋಭಾ ರೊಟ್ಟಿ ಬಡಿದು, ಅತ್ತೆಯ ತಾಟಿಗೆ ಹಾಕಿ, ಪಕ್ಕದಲ್ಲೇ ನಿಂತಳು. ರಾಯವ್ವ ರೊಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಎರಡು ತಿಂದಳು. ನೀರು ಕುಡಿದಳು.

"ಬದನಿಕಾಯಿ ಪಲ್ಯ ಚಲೋ ಆಗೇತವಾ" ಎಂದು ಮೂರನೆಯ ರೊಟ್ಟಿಗೆ ಕೈ ಚಾಚಿದಳು.